ಲ್ಯಾಪ್‌ಟಾಪಿನ ಹಣೆಗೆ ವಿಭೂತಿ

ಅತ್ತೆಯ ದನಿ ಅಡ್ಡಗೋಡೆಯ ಆಚೆಯಿಂದ ಕೇಳಿಬಂದರೆ ದ್ರಾಕ್ಷಾಯಣಿಗೆ ಕೈಯಲ್ಲಿದ್ದ ಕೆಲಸ ಕೈಯಲ್ಲೇ ನಿಂತುಬಿಡುತ್ತಿತ್ತು. ಆ ಸಂಜೆಯೂ ಹಾಗೇ ಆಯಿತು. ಒಲೆಯ ಮೇಲೆ ಒಗ್ಗರಣೆ ಇಟ್ಟಿದ್ದಳು. ಗೋಡೆಯಾಚೆ ಗುರುಶಾಂತಮ್ಮನವರು ಪದ ಎತ್ತಿಕೊಂಡರು. ಸಾಸಿವೆ ಸಿಡಿದು, ಕರಿಬೇವು ಕಪ್ಪಾಗಿ, ಮೆಣಸಿನಕಾಯಿಯ ಘಾಟು ಮೂಗಿಗೆ ಹೊಡೆದಾಗಲೇ ಅವಳಿಗೆ ಎಚ್ಚರ.

“ಸೀದೋಯ್ತಾ?” ಎಂದು ಜಗಲಿಯಿಂದಲೇ ಕೇಳಿದ ಗಂಡ ಗಣೇಶ.

“ಇಲ್ಲ, ಘಮಘಮ ಅಂತೈತೆ. ಬಂದು ಮೂಸ್ಕೊಂಡು ಹೋಗಿ,” ಎಂದಳು.

ಆಲೂರಿನಿಂದ ಗುಡ್ಡ ಹತ್ತಿ ಬರುವ ಬಸ್ಸು ತಿರುಗಿಸಿಕೊಂಡು ಹೋಗುವ ಊರು ಅದು. ಅಣ್ಣತಮ್ಮಂದಿರು ಬೇರೆಯಾದಾಗ ಮನೆಯ ನಟ್ಟನಡುವೆ ಒಂದು ಗೋಡೆ ಎದ್ದಿತ್ತು. ಕಾಫಿ ಗಿಡ, ಮೆಣಸಿನ ಬಳ್ಳಿ, ಹಿತ್ತಾಳೆ ಪಾತ್ರೆ ಎಲ್ಲ ಪಾಲಾಗಿ, ಪಾಲಾಗದೆ ಉಳಿದದ್ದು ಬಾವಿ, ಕಾಫಿ ಒಣಗಿಸುವ ಕಣ, ಮತ್ತೆ ಗುರುಶಾಂತಮ್ಮನವರು. ಅವರು ಹಿರಿಮಗನ ಕಡೆ ಮಲಗುತ್ತಿದ್ದರು, ಹಸಿವಾದ ಕಡೆ ಉಣ್ಣುತ್ತಿದ್ದರು. ಆದರೆ ಆ ಶ್ರಾವಣದವರೆಗೆ ಪದ ಹೇಳುವುದು ಮಾತ್ರ ಹಿರಿಸೊಸೆ ದ್ರಾಕ್ಷಾಯಣಿಯ ಬಳಿಯೇ. ಅದು ಯಾರೂ ಪಾಲು ಮಾಡದೆ ಅವಳಿಗೆ ಬಂದ ಆಸ್ತಿ.

ಯಾವ ಪುಸ್ತಕದಲ್ಲೂ ಇಲ್ಲದ ಪದಗಳು ಅವು. ಶರಣರ ಪದ, ಬೀಸುವಾಗಿನ ಪದ, ಬಾಣಂತಿಗೆ ನೀರೆರೆಯುವಾಗಿನ ಪದ. ಗುರುಶಾಂತಮ್ಮನವರು ಅವನ್ನು ತಮ್ಮ ಅಜ್ಜಿಯ ಬಾಯಿಂದ ಕಲಿತವರು. ಸಂಜೆ ಲಿಂಗಪೂಜೆ ಮುಗಿಸಿ ಮಣೆಯ ಮೇಲೆ ಕೂತು ಒಂದು ಸಾಲು ಹೇಳುತ್ತಿದ್ದರು. ದ್ರಾಕ್ಷಾಯಣಿ ತನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಅದನ್ನು ಒತ್ತಿ ಮುಗಿಸುವವರೆಗೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಕಾಯುತ್ತಿದ್ದರು. ಬೆರಳ ಸದ್ದು ನಿಂತ ಮೇಲೆ ಮುಂದಿನ ಸಾಲು. ತಿಂಗಳಿಗೊಮ್ಮೆ ಆಲೂರಿನಲ್ಲಿ ಸೇರುವ ಶಿವಾನುಭವ ಗೋಷ್ಠಿಗೆ ಆ ಹಾಳೆಗಳೇ ಹೋಗುತ್ತಿದ್ದವು. ಕೆಳಗೆ ಸಣ್ಣ ಅಕ್ಷರದಲ್ಲಿ, ‘ಹೇಳಿದವರು: ಗುರುಶಾಂತಮ್ಮ. ಬರೆದುಕೊಂಡವರು: ದ್ರಾಕ್ಷಾಯಣಿ.’ ಗೋಷ್ಠಿಯಲ್ಲಿ ಯಾರಾದರೂ ಹಾಳೆ ಮಡಚುವಾಗ ಆ ಸಾಲಿನ ಮೇಲೆ ಮಡಿಕೆ ಬೀಳದಿರಲಿ ಎಂದು ಅವಳು ಕಣ್ಣಂಚಿನಲ್ಲೇ ನೋಡಿಕೊಳ್ಳುತ್ತಿದ್ದಳು.

ಹೀಗಿರುವಾಗ ಶ್ರಾವಣದಲ್ಲಿ ವಾರಗಿತ್ತಿ ವಾಣಿಯ ಮನೆಗೆ ‘ಸಾರಸ’ ಬಂತು.

ಸಾರಸ ಎಂಬುದು ಲ್ಯಾಪ್‌ಟಾಪಿನ ಹೆಸರು. ತೆಳ್ಳಗೆ, ಬೂದು ಬಣ್ಣ, ಮಡಚಿದರೆ ಒಂದು ದೊಡ್ಡ ಸ್ಲೇಟಿನಷ್ಟು. ವಾಣಿ ಪಕ್ಕದ ಎಸ್ಟೇಟಿನ ಸ್ಟೋರಿನಲ್ಲಿ ಲೆಕ್ಕ ಬರೆಯುವವಳು, ಆ ಕೆಲಸಕ್ಕೆಂದೇ ತರಿಸಿದ್ದು. ಆದರೆ ಅದಕ್ಕೊಂದು ವಿದ್ಯೆ ಗೊತ್ತಿತ್ತು: ಅದರ ಮುಂದೆ ಕೂತು ಕನ್ನಡ ಮಾತಾಡಿದರೆ ಅದೇ ಬರೆದುಕೊಳ್ಳುತ್ತಿತ್ತು. ದನಿಯನ್ನು ಇಟ್ಟುಕೊಳ್ಳುತ್ತಿರಲಿಲ್ಲ, ಮಾತನ್ನು ಮಾತ್ರ ಅಕ್ಷರ ಮಾಡಿ ಸಾಲಾಗಿ ಇಳಿಸುತ್ತಿತ್ತು. ಒಂದು ದಿನ ಅತ್ತೆ ಆಚೆಮನೆಗೆ ಮಜ್ಜಿಗೆ ಕುಡಿಯಲು ಹೋದವರು ಅದರ ಮುಂದೆ ಸುಮ್ಮನೆ ಒಂದು ಪದ ಅಂದರಂತೆ. ನಿಲ್ಲಿಸದೆ, ಕಾಯದೆ, ಕಲ್ಲು ಆರಿಸದೆ. ಅಂದು ಮುಗಿಸುವಷ್ಟರಲ್ಲಿ ಅದು ಪರದೆಯ ಮೇಲೆ ನಿಂತಿತ್ತಂತೆ.

ಫೋನು ಕಂಡರೆ ಗುರುಶಾಂತಮ್ಮನವರಿಗೆ ಆಗುತ್ತಿರಲಿಲ್ಲ. ಸಾವಿನ ಸುದ್ದಿ ಹೊತ್ತು ತರುವ ಡಬ್ಬಿ, ಅದರ ಮುಂದೆ ದೇವರ ಪದ ಹೇಳಬಾರದು ಎನ್ನುತ್ತಿದ್ದರು. ಲ್ಯಾಪ್‌ಟಾಪಿಗೆ ಆ ಮೈಲಿಗೆ ಇರಲಿಲ್ಲ. ಅದು ತೆರೆಯುತ್ತದೆ, ಮುಚ್ಚುತ್ತದೆ, ಹಾಗಾಗಿ ಪುಸ್ತಕದ ಜಾತಿ.

“ಎಷ್ಟು ಬೇಗ ಬರ್ಕೊಂತೈತೆ ಅಂತೀಯ,” ಎಂದು ಬಂದು ಹೇಳಿದರು. “ನೀನು ಸುಮ್ಮನೆ ಬೆರಳು ನೋಯಿಸ್ಕೊಂಡೆ ಕಣವ್ವ, ಇಷ್ಟು ವರ್ಷ.”

ಅವರು ಕನಿಕರದಿಂದಲೇ ಹೇಳಿದ್ದು. ಆ ಕನಿಕರವೇ ದ್ರಾಕ್ಷಾಯಣಿಯ ಎದೆಗೆ ಮುಳ್ಳಿನಂತೆ ಚುಚ್ಚಿಕೊಂಡಿತು.

ಸಾರಸ ಕೊಂಡವರದ್ದೊಂದು ಬಳಗವೂ ಅಂತರ್ಜಾಲದಲ್ಲಿತ್ತು. ಕನ್ನಡದವರದ್ದೇ ಬೇರೆ. ಯಾರಿಗೆ ಏನು ಕೆಟ್ಟರೂ ಅಲ್ಲಿ ಬರೆಯುವುದು, ಬಲ್ಲವರು ಉತ್ತರ ಹೇಳುವುದು. ಹೊಸದಾಗಿ ಸೇರಿದವರು ತಮ್ಮ ಲ್ಯಾಪ್‌ಟಾಪನ್ನು ಮನೆಯಲ್ಲಿ ಎಲ್ಲಿ ಇಟ್ಟಿದ್ದಾರೋ ಅಲ್ಲಿಯ ಫೋಟೋ ಹಾಕಬೇಕು. ಅದನ್ನು ಅವರು ಗೃಹಪ್ರವೇಶ ಎನ್ನುತ್ತಿದ್ದರು. ವಾಣಿ ಕಣದ ಕಟ್ಟೆಯ ಮೇಲೆ ಸಾರಸವನ್ನಿಟ್ಟು, ಪಕ್ಕದಲ್ಲಿ ಅತ್ತೆಯನ್ನು ಕೂರಿಸಿ ಫೋಟೋ ಹಾಕಿದ್ದಳು. ಜೊತೆಗೆ ಆ ಪದವನ್ನೂ. ಬಳಗಕ್ಕೆ ಬಳಗವೇ ಅಜ್ಜಿಯ ಮೇಲೆ ಮುಗಿಬಿತ್ತು. ‘ಅಜ್ಜಿಗೆ ಶರಣು.’ ‘ವಾಣಿ ಅಕ್ಕ, ಇನ್ನೊಂದು ಪದ ಹಾಕಿ.’ ‘ವಾಣಿ ಅಕ್ಕ, ನೀವು ಮಾಡ್ತಿರೋದು ದೊಡ್ಡ ಕೆಲಸ.’

ಇದನ್ನೆಲ್ಲ ದ್ರಾಕ್ಷಾಯಣಿಗೆ ತೋರಿಸಿದವಳು ವಾಣಿಯೇ, ಬಾವಿಕಟ್ಟೆಯ ಮೇಲೆ, ಕೊಡ ತುಂಬುವವರೆಗೆ. ದ್ರಾಕ್ಷಾಯಣಿ ನಗುನಗುತ್ತ ಓದಿದಳು. ಆ ಪದವನ್ನು ತಾನು ಎಂದೋ ಒತ್ತಿ, ಗೋಷ್ಠಿಯಲ್ಲಿ ಹಂಚಿಯೂ ಆಗಿತ್ತು. ಅಂದು ಒಬ್ಬರೂ ದೊಡ್ಡ ಕೆಲಸ ಅಂದಿರಲಿಲ್ಲ. ಹಾಳೆಯಲ್ಲಿ ಕೋಡುಬಳೆ ಕಟ್ಟಿಕೊಂಡು ಹೋದವರನ್ನು ಅವಳು ಕಣ್ಣಾರೆ ಕಂಡಿದ್ದಳು. ಕೊಡ ತುಂಬಿ ನೀರು ಕಾಲ ಮೇಲೆ ಹರಿದರೂ ಅವಳು ಓದುತ್ತಲೇ ಇದ್ದಳು.

“ಸಾಕು ಬಿಡಿ ಅಕ್ಕ, ಸೀರೆ ನೆನೀತೈತೆ,” ಎಂದಳು ವಾಣಿ.

ದೀಪಾವಳಿ ಹತ್ತಿರ ಬರುತ್ತಿದ್ದಂತೆ ಗುರುಶಾಂತಮ್ಮನವರು ಇನ್ನೊಂದು ಮಾತೆತ್ತಿದರು. ಅವರ ಬಳಿ ಒಂದು ಉದ್ದನೆಯ ಪದವಿತ್ತು, ಹಸು ಹುಡುಕಿಕೊಂಡು ಕಾಡು ಹೊಕ್ಕ ಶರಣೆಯೊಬ್ಬಳ ಪದ. ಅದನ್ನು ಬರೆದುಕೊಳ್ಳುವುದು ದ್ರಾಕ್ಷಾಯಣಿಯ ಕೈಲಾಗಿರಲಿಲ್ಲ. ಅದಕ್ಕೊಂದು ಕಟ್ಟಳೆ: ಕಾರ್ತಿಕದ ಸೋಮವಾರ, ಲಿಂಗಪೂಜೆಯಾದ ಮೇಲೆ, ಊಟಕ್ಕೆ ಮುಂಚೆ, ಕೂತಲ್ಲಿಂದ ಏಳದೆ ಹೇಳಿ ಮುಗಿಸಬೇಕು. ನಡುವೆ ಕಡಿದರೆ ಆ ವರ್ಷಕ್ಕೆ ಅಲ್ಲಿಗೇ ಬಿಟ್ಟಂತೆ. ಹಳೆಯ ಲ್ಯಾಪ್‌ಟಾಪಿನ ಮುಂದೆ ಸಾಲಿಗೊಮ್ಮೆ ಕಾಯುತ್ತ ಅದನ್ನು ಹೇಳಲು ಬರುವುದೇ ಇಲ್ಲ.

“ಈ ಕಾರ್ತಿಕಕ್ಕೆ ಅದೊಂದು ಹೇಳ್ಬುಡ್ತೀನಿ,” ಎಂದರು. “ವಾಣಿ ಪೆಟ್ಟಿಗೆಗೆ ಆದ್ರೆ ತಡೀದಂಗೆ ಹೇಳ್ಬೋದು. ಉಸಿರು ಮುಂಚಿನಂಗಿಲ್ಲ. ಬರೋ ಕಾರ್ತಿಕ ಕಂಡೋರ್ಯಾರು.”

ದ್ರಾಕ್ಷಾಯಣಿಯ ಬಾಯಿಂದ ಮಾತು ತಾನಾಗಿ ಬಿತ್ತು. “ನಮ್ಮನೇಗೂ ಅಂಥದ್ದೇ ಬರ್ತೈತೆ ಅತ್ತೆ.”

“ಹೌದಾ. ಬಂದ್ರೆ ಅದಕ್ಕೇ ಹೇಳ್ತೀನಂತೆ. ನನಗೇನು, ಕೇಳಿಸ್ಕೊಂಡ್ರೆ ಸರಿ.”

ಹಿತ್ತಿಲ ಬಳ್ಳಿಯ ಮೆಣಸು ಅವಳದ್ದೇ ಕೈದುಡಿಮೆ. ಮೂಟೆ ಕಟ್ಟಿಸಿ ಆಲೂರಿಗೆ ಸಾಗಿಸಿದಳು. ಬಸ್‌ಸ್ಟ್ಯಾಂಡಿನ ಎದುರು ಉಮೇರನ ಕಂಪ್ಯೂಟರ್ ಅಂಗಡಿ. ಹಳೆಯದನ್ನು ಕೊಟ್ಟವನೂ ಅವನೇ, ಹಾಳೆಗಳನ್ನು ಅಚ್ಚು ತೆಗೆದುಕೊಡುತ್ತಿದ್ದವನೂ ಅವನೇ.

“ಹಳೇದು ಇನ್ನೂ ಓಡ್ತಾ ಐತಲ್ಲಕ್ಕ,” ಎಂದ ಉಮೇರ್. “ವೈರು ಸಿಕ್ಕಿಸಿಕೊಂಡೇ ಇದ್ರೆ ಇನ್ನೊಂದೆರಡು ವರ್ಷ ತೊಂದ್ರೆ ಇಲ್ಲ.”

“ಸಾರಸ ಇದ್ರೆ ಕೊಡು.”

“ವಾಣಿ ಅಕ್ಕ ತಗೊಂಡ್ರಲ್ಲ, ಅದೇನಾ?”

“ಅವಳು ತಗೊಂಡಳಾ? ನಂಗೊತ್ತಿಲ್ಲ.”

ಉಮೇರ್ ಅವಳ ಮುಖ ನೋಡಿದ. ಹಳೆಯದರಲ್ಲಿದ್ದ ಪದಗಳನ್ನೆಲ್ಲ ಹೊಸದಕ್ಕೆ ತುಂಬಿಕೊಟ್ಟ. ಹೊರಡುವಾಗ, “ಅಕ್ಕ, ಒಂದೇ ಮನೇಲಿ ಎರಡು ಸಾರಸ. ಜೋಡಿ ಆಯ್ತು ಬಿಡಿ,” ಎಂದ. ಒಳ್ಳೆಯ ಮಾತೇ. ಬಸ್ಸಿನಲ್ಲಿ ಊರು ಮುಟ್ಟುವವರೆಗೆ ಅದು ಅವಳ ಕಿವಿಯಲ್ಲಿ ಜೀರುಂಡೆಯಂತೆ ಕೊರೆಯಿತು.

ಪೆಟ್ಟಿಗೆ ಬಿಚ್ಚುವಾಗ ವಾಣಿಯೂ ಬಂದಳು. ಕೈ ಒರೆಸಿಕೊಂಡು ಪಕ್ಕದಲ್ಲಿ ಕೂತು ಕನ್ನಡ ಹಾಕಿಕೊಟ್ಟಳು, ಬಳಗಕ್ಕೆ ಸೇರಿಸಿದಳು, ಮಾತು ಬರೆದುಕೊಳ್ಳುವ ಗುಂಡಿ ಯಾವುದೆಂದು ತೋರಿಸಿದಳು. “ಪೂಜೆ ಮಾಡಿ ಶುರು ಮಾಡಿ ಅಕ್ಕ,” ಎಂದು ಎದ್ದು ಹೋದಳು.

ಪೂಜೆಯ ವಿಷಯದಲ್ಲಿ ದ್ರಾಕ್ಷಾಯಣಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ವಾಣಿ ತನ್ನ ಸಾರಸಕ್ಕೆ ವಿಭೂತಿ ಹಚ್ಚಿದ್ದನ್ನು ಅವಳು ಕಂಡಿದ್ದಳು: ಮುಚ್ಚಳದ ಮೇಲೆ, ಹೊರಮೈಗೆ, ಒಣ ಬೆರಳಲ್ಲಿ ಸವರಿದ ಹಾಗೆ. ಹಣೆ ಬಿಟ್ಟು ಬೆನ್ನಿಗೆ ಹಚ್ಚಿದಂತೆ ಅದು. ಯಂತ್ರವೇ ಆಗಲಿ, ಅದಕ್ಕೂ ಮುಖ ಅಂತ ಒಂದಿದೆ. ದ್ರಾಕ್ಷಾಯಣಿ ಲ್ಯಾಪ್‌ಟಾಪನ್ನು ದೇವರ ಮುಂದೆ ತೆರೆದಿಟ್ಟಳು. ವಿಭೂತಿಗಟ್ಟಿಯನ್ನು ನೀರಲ್ಲಿ ತೇದು, ಮೂರು ಬೆರಳು ಅದ್ದಿ, ಪರದೆಯ ಮೇಲಿನ ಅಂಚಿಗೆ, ನೆಟ್ಟಗೆ ಹಣೆಗೇ ಹಚ್ಚಿದಳು. ಒಣಗಿದ ಮೇಲೆ ಬೆಳ್ಳಗೆ ಎದ್ದು ಕಾಣಲೆಂದು ಇನ್ನೊಂದು ಸಲ. ನಡುವೆ ಕುಂಕುಮದ ಬೊಟ್ಟು. ಅತ್ತೆ ಬಂದು ಎರಡು ಹೂವು ಇಟ್ಟು, “ಲಕ್ಷಣವಾಗೈತೆ,” ಎಂದರು.

ಆ ಫೋಟೋವನ್ನೇ ಬಳಗಕ್ಕೆ ಹಾಕಿದಳು. ಉತ್ತರಗಳು ಬಂದವು. ಬಿಸಿಲೆ ಕಡೆ ಜೀಪು ಓಡಿಸುವ ಅಭಿಲಾಷ್ ಎಂಬವನು ‘ಸ್ವಾಗತ ಅಕ್ಕ’ ಎಂದು ಬರೆದ. ಅದರ ಕೆಳಗೆ ಇನ್ನೊಬ್ಬರು, ‘ನೀವು ವಾಣಿ ಅಕ್ಕನ ಮನೆಯವರಾ? ಅಜ್ಜಿ ಹೇಗಿದ್ದಾರೆ?’

ವಾಣಿ ಅಕ್ಕನ ಮನೆಯವರು. ಅವಳು ಆ ಮನೆಗೆ ಬಂದು ದೀಪ ಹಚ್ಚುವಾಗ ವಾಣಿ ಇನ್ನೂ ಲಂಗ ಉಟ್ಟು ಶಾಲೆಗೆ ಹೋಗುತ್ತಿದ್ದಳು. ‘ಚೆನ್ನಾಗಿದ್ದಾರೆ’ ಎಂದು ಬರೆದು ಮುಚ್ಚಿಟ್ಟಳು.

ಮರುದಿನ ಸಂಜೆ ಅತ್ತೆಯನ್ನು ಮಣೆಯ ಮೇಲೆ ಕೂರಿಸಿ ಗುಂಡಿ ಒತ್ತಿದಳು. ಪರೀಕ್ಷೆಗೆಂದು ಒಂದು ಸಣ್ಣ ಪದ. ಗುರುಶಾಂತಮ್ಮನವರು ಕಣ್ಣುಮುಚ್ಚಿ ಎತ್ತಿಕೊಂಡರು. ಪರದೆ ಬೆಳ್ಳಗೇ ಇತ್ತು. ಒಮ್ಮೆ ಒಂದು ಅಕ್ಷರ ಇಣುಕಿತು, ಮತ್ತೆ ಏನಿಲ್ಲ. ಅವರು ಇನ್ನೂ ದನಿ ಏರಿಸಿದರು. ಹೊರಗೆ ಕಟ್ಟಿದ ಕರು ಉತ್ತರ ಕೊಟ್ಟಿತೇ ಹೊರತು ಸಾರಸ ಕೊಡಲಿಲ್ಲ.

“ನಿಂದು ಕಿವುಡು ಕಣವ್ವ,” ಎಂದರು ಅತ್ತೆ, ಕಣ್ಣು ತೆರೆದು. “ವಾಣೀದು ಹಿಂಗಲ್ಲ. ಪಿಸುಗುಟ್ಟಿದ್ರೂ ಕೇಳ್ತೈತೆ.”

“ಹೊಸದಲ್ವಾ ಅತ್ತೆ, ಪಳಗಬೇಕು.”

“ಅದೇನು ಹೊಸ ಸೊಸೆನಾ, ಪಳಗೋಕೆ,” ಎಂದು ನಕ್ಕು, ಮಣೆ ಬಿಟ್ಟೆದ್ದು, ಆಚೆಮನೆಗೆ ಮಜ್ಜಿಗೆಗೆ ಹೊರಟೇಬಿಟ್ಟರು.

ದ್ರಾಕ್ಷಾಯಣಿ ಬಳಗದಲ್ಲಿ ಕೇಳಿದಳು. ಅವರು ಬಿಡಲಿಲ್ಲ, ಸರದಿಯ ಮೇಲೆ ಹೇಳಿದರು. ಅದನ್ನು ಆರಿಸಿ ಹಚ್ಚಿ. ಅಲ್ಲಿ ಹೋಗಿ ಇದನ್ನು ಒತ್ತಿ. ಅಭಿಲಾಷನಂತೂ ಪ್ರವಾಸಿಗರನ್ನು ಬೆಟ್ಟದ ಮೇಲೆ ಇಳಿಸಿ ಕಾಯುವ ಹೊತ್ತಿನಲ್ಲೆಲ್ಲ ಬರೆದ: ‘ಈಗ ನೋಡಿ ಅಕ್ಕ.’ ‘ಈಗ?’ ‘ಮತ್ತೊಮ್ಮೆ ಅಕ್ಕ.’ ಹೇಳಿದ್ದನ್ನೆಲ್ಲ ಅವಳು ಮಾಡಿದಳು. ಹಾಡಿದಳು, ಕೂಗಿದಳು, ಕೊನೆಗೆ ಬೈದೂ ನೋಡಿದಳು. ಬಾಗಿಲಲ್ಲಿ ನಿಂತ ಗಣೇಶ, “ಯಾರ್ ಜೊತೆ ಜಗಳ ಮಾರಾಯ್ತಿ?” ಎಂದ.

ಗೋಡೆಯಾಚೆ ಅತ್ತೆಯ ದನಿ ಹರಿಯುತ್ತಿತ್ತು. ಅಲ್ಲಿ ಎಲ್ಲವೂ ಸಾಲುಸಾಲಾಗಿ ಇಳಿಯುತ್ತಿರಬೇಕು. ಒಂದೇ ಕಂಪನಿ, ಒಂದೇ ಬಣ್ಣ, ಒಂದೇ ಅಂಗಡಿ. ವಾಣಿಯದ್ದು ಕೇಳುತ್ತದೆ, ತನ್ನದು ಕೇಳುವುದಿಲ್ಲ. ಹಾಗೆ ನೋಡುತ್ತ ಕೂತವಳಿಗೆ ಪೆಟ್ಟಿಗೆ ಬಿಚ್ಚಿದ ದಿನ ನೆನಪಾಯಿತು. ತನ್ನ ಕೈಗೆ ಬರುವ ಮೊದಲೇ ವಾಣಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಏನೇನೋ ಒತ್ತಿದ್ದಳು. ಕನ್ನಡ ಹಾಕ್ತೀನಿ ಅಂದಳು. ಅಷ್ಟು ಹೊತ್ತು ಬೇಕೇ ಕನ್ನಡ ಹಾಕಲಿಕ್ಕೆ?

ಅನುಮಾನಕ್ಕೆ ಒಂದು ಕಡ್ಡಿ ಸಿಕ್ಕರೆ ಸಾಕು, ಅದು ಗುಡಿಸಲು ಕಟ್ಟಿಕೊಂಡು ಒಲೆ ಹಚ್ಚುತ್ತದೆ. ಅವಳು ಬಳಗದಲ್ಲಿ ಬರೆದಳು:

‘ಎಲ್ಲ ಮಾಡಿ ಆಯಿತು. ನನಗಿಂತ ಮುಂಚೆ ಇದನ್ನು ಮುಟ್ಟಿದವರೊಬ್ಬರಿದ್ದಾರೆ. ಅವರದ್ದು ಚೆನ್ನಾಗಿ ಕೇಳುತ್ತದೆ. ನನ್ನದು ಕೇಳಬಾರದು ಅಂತ ಏನು ಒತ್ತಿ ಹೋಗಿದ್ದಾರೋ ಅವರನ್ನೇ ಕೇಳಬೇಕು. ಒಂದೇ ಮನೆಯೊಳಗೆ ಹೀಗೂ ಇರುತ್ತಾರೆ.’

ಹೆಸರು ಹಾಕಿರಲಿಲ್ಲ. ಹಾಕಬೇಕಾಗಿಯೂ ಇರಲಿಲ್ಲ.

ಬಳಗ ಗಪ್ಪಾಯಿತು. ಅಭಿಲಾಷನೂ ಬರೆಯಲಿಲ್ಲ. ಆಮೇಲೆ, ಮೂಲೆಯಿಂದ ಬಂದ ಹಾಗೆ, ವಾಣಿಯ ಹೆಸರಿನಲ್ಲಿ ಒಂದು ಸಾಲು ಕಾಣಿಸಿಕೊಂಡಿತು. ದ್ರಾಕ್ಷಾಯಣಿಯ ಗೃಹಪ್ರವೇಶದ ಫೋಟೋವನ್ನೇ ದೊಡ್ಡದು ಮಾಡಿ, ವಿಭೂತಿಯ ಸುತ್ತ ಒಂದು ಕೆಂಪು ಗೆರೆ ಎಳೆದಿದ್ದಳು. ‘ಅಕ್ಕ, ಪರದೆಯ ಮೇಲಂಚಿನಲ್ಲಿ ಎರಡು ಸಣ್ಣ ತೂತು ಇರುತ್ತವೆ. ಅದೇ ಅದರ ಕಿವಿ. ವಿಭೂತಿ ತುಂಬಿಕೊಂಡಿದೆ. ಒಣ ಬ್ರಷ್ಷಿನಲ್ಲಿ ಮೆಲ್ಲಗೆ ಉಜ್ಜಿ. ನೀರು ಹಾಕಬೇಡಿ.’

ಅಷ್ಟೇ. ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ.

ಹಲ್ಲುಜ್ಜುವ ಹಳೆಯ ಬ್ರಷ್ಷು ಹುಡುಕಿ ದ್ರಾಕ್ಷಾಯಣಿ ಉಜ್ಜಿದಳು. ಬಿಳಿ ಪುಡಿ ಉದುರಿತು. ಗುಂಡಿ ಒತ್ತಿ, ಗಂಟಲಲ್ಲೇ, “ಶಿವನೇ,” ಎಂದಳು. ಪರದೆಯ ಮೇಲೆ ‘ಶಿವನೇ’ ಎಂದು ಬಿತ್ತು.

ಬಳಗಕ್ಕೆ ಈಗ ಜೀವ ಬಂದಿತ್ತು. ಸಕಲೇಶಪುರದ ನಿಖತ್ ಎಂಬವಳು ಬರೆದಿದ್ದಳು: ‘ನಾಚ್ಕೋಬೇಡಿ ಅಕ್ಕ. ನಮ್ಮತ್ತೆ ಚಾಂದ್ ಬೀ ಹೊಸ ಲ್ಯಾಪ್‌ಟಾಪ್ ಅಂತ ದುವಾ ಓದಿ ಅತ್ತರು ಸವರಿಬಿಟ್ಟಿದ್ದರು. ಗುಂಡಿಗಳು ಒಂದಕ್ಕೊಂದು ಅಂಟಿಕೊಂಡವು. ಇವತ್ತಿಗೂ ಲೆಕ್ಕ ಮಾಡುವಾಗ ಮಲ್ಲಿಗೆ ವಾಸನೆ.’ ಯಾರೋ ಅರಿಶಿನ ಹಚ್ಚಿದ್ದರಂತೆ. ಇನ್ಯಾರೋ ಚಕ್ರವಿಲ್ಲದಿದ್ದರೂ ನಿಂಬೆಹಣ್ಣು ಇಟ್ಟು, ಮಡಚುವಾಗ ಮರೆತು, ಹಣ್ಣಿನ ಸಮೇತ ಮಡಚಿದ್ದರಂತೆ. ಒಬ್ಬೊಬ್ಬರೂ ಅವಳನ್ನು ‘ವಿಭೂತಿ ಅಕ್ಕ’ ಎಂದು ಕರೆಯತೊಡಗಿದರು. ಬಳಗದಲ್ಲಿ ತನಗೊಂದು ಹೆಸರಿರಲಿ ಎಂದು ಎಷ್ಟು ಆಸೆಪಟ್ಟಿದ್ದಳು, ಬಂದದ್ದು ಇದು. ಅವಳು ಬರೆದ ಆ ಇನ್ನೊಂದು ಮಾತಿನ ಬಗ್ಗೆ ಮಾತ್ರ ಒಬ್ಬರೂ ತುಟಿ ಬಿಚ್ಚಲಿಲ್ಲ. ಅಂಗಳದಲ್ಲಿ ಯಾರದೋ ಉಗುಳು ಬಿದ್ದರೆ ದಾಟಿಕೊಂಡು ಹೋಗುವ ಹಾಗೆ ಎಲ್ಲರೂ ದಾಟಿಕೊಂಡು ಹೋದರು.

ವಾಣಿ ಬಾವಿಗೆ ಬರುವ ಹೊತ್ತು ಬದಲಾಯಿಸಿಕೊಂಡಳು. ಕಣದಲ್ಲಿ ಕಾಫಿ ಹರಡುವಾಗ ಎದುರಾದರೆ ತಲೆ ತಗ್ಗಿಸಿ ಕುಂಟೆ ಎಳೆಯುತ್ತಿದ್ದಳು. ಅತ್ತೆ ಸೋಮವಾರದ ಮಾತು ತೆಗೆದಾಗ, “ಅಕ್ಕನ ಹತ್ರಾನೇ ಹೇಳಿ ಅತ್ತೆ. ಅದೂ ಈಗ ಕೇಳ್ತೈತಂತೆ,” ಎಂದಳಂತೆ.

ಬೇಕಾದದ್ದು ಬೇಕಾದ ಹಾಗೆಯೇ ಕೈಗೆ ಬಂದಿತ್ತು. ಆದರೂ ದ್ರಾಕ್ಷಾಯಣಿಗೆ ಅದು ಯಾರೋ ಉಂಡು ಸಾಕೆನಿಸಿ ತಳ್ಳಿದ ತಟ್ಟೆಯಂತೆ ಕಂಡಿತು. ಬಿಟ್ಟುಕೊಡುವುದರಲ್ಲೂ ಇವಳದ್ದೇ ಮೇಲುಗೈ ಎಂದುಕೊಂಡಳು.

ಸೋಮವಾರ ಬೆಳಿಗ್ಗೆ ಕಣದ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಗುರುಶಾಂತಮ್ಮನವರು ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗವನ್ನಿಟ್ಟು ಪೂಜೆ ಮುಗಿಸಿ, ಹಿತ್ತಿಲ ಬಾಗಿಲ ಬಳಿ ಬೆಳಕಿಗೆ ಮಣೆ ಹಾಕಿಸಿಕೊಂಡರು. ಎದುರಿಗೆ ಸಾರಸ. ದ್ರಾಕ್ಷಾಯಣಿ ತಾನೂ ಮಡಿಯುಟ್ಟು ಪಕ್ಕದಲ್ಲಿ ಕೂತಳು. ಗುಂಡಿ ಒತ್ತಿದಳು.

ಅತ್ತೆ ಎತ್ತಿಕೊಂಡರು. ಸಣ್ಣ ದನಿ, ಸುಕ್ಕುಗಟ್ಟಿದ ದನಿ, ಆದರೆ ಎಲ್ಲಿಯೂ ನಡುಗಲಿಲ್ಲ.

*ಎಲ್ಲಿ ಮೇದಾಳೆ ಕೆಂಪಿ, ಎಲ್ಲಿ ನಿಂತಾಳೆ,*
*ಎರಡು ಗುಡ್ಡದ ನಡುವೆ ಯಾರ ನೆನೆದಾಳೆ.*

ಸಾಲುಗಳು ಪರದೆಯ ಮೇಲೆ ಇಳಿಯತೊಡಗಿದವು. ಶರಣೆ ಹಸು ಹುಡುಕಿಕೊಂಡು ಹೊರಟಳು. ಹಳ್ಳ ದಾಟಿದಳು, ಕರಡಿಯ ಗವಿಗೆ ಇಣುಕಿದಳು. ಹಸುವನ್ನು ಒಂದೊಂದು ಹೆಸರಿನಿಂದ ಕೂಗಿದಳು; ಕೂಗಿದ ಹೆಸರೆಲ್ಲ ಶಿವನ ಹೆಸರೇ ಆಗುತ್ತ ಹೋಯಿತು. ದ್ರಾಕ್ಷಾಯಣಿ ಪರದೆಯ ಮೇಲೆ ಕಣ್ಣಿಟ್ಟು ಕೂತಿದ್ದಳು. ತನ್ನದು, ಇದು ತನ್ನದರಲ್ಲೇ ಇಳಿಯುತ್ತಿದೆ. ಇದನ್ನು ಬಳಗಕ್ಕೆ ಹಾಕುವಾಗ ಕೆಳಗೆ ಏನು ಬರೆಯಬೇಕೆಂದು ಮನಸ್ಸು ಆಗಲೇ ಅಕ್ಷರ ಜೋಡಿಸುತ್ತಿತ್ತು.

ಕತ್ತಲಾಗಿ, ಮಂಜು ಮುಚ್ಚಿ, ಶರಣೆಗೆ ತನ್ನ ಕೈ ತನಗೆ ಕಾಣದ ಜಾಗಕ್ಕೆ ಪದ ಬಂತು. ಅಲ್ಲಿ ಗುರುಶಾಂತಮ್ಮನವರು ನಿಂತರು. ಬಾಯಿ ತೆರೆದೇ ಇತ್ತು. ಹಿಂದಿನ ಸಾಲನ್ನು ಮತ್ತೆ ಅಂದರು. ಮತ್ತೆ ಅಲ್ಲಿಗೇ ಬಂದು ನಿಂತರು. ಕೈ ಮಣೆಯ ಅಂಚನ್ನು ತಡವಿತು. ಸೊಸೆಯ ಕಡೆ ತಿರುಗಿದರು, ಕಣ್ಣು ತುಂಬಿಕೊಂಡಿತ್ತು. ದ್ರಾಕ್ಷಾಯಣಿಗೆ ಒಂದು ಸಾಲೂ ಗೊತ್ತಿರಲಿಲ್ಲ. ಇಷ್ಟು ವರ್ಷ ಅವಳು ಪದಗಳನ್ನು ಬೆರಳಲ್ಲಿ ಹಿಡಿದಿದ್ದಳು, ಒತ್ತಿದ ಮೇಲೆ ಬೆರಳು ಅವನ್ನು ಬಿಟ್ಟುಬಿಡುತ್ತಿತ್ತು.

ಆಗ ಕಣದ ಕಡೆಯಿಂದ, ಮಂಜಿನೊಳಗಿಂದ, ಒಂದು ದನಿ ಬಂತು. ವಾಣಿಯದ್ದು. ಕಾಫಿ ಹರಡುತ್ತಿದ್ದವಳು ಕುಂಟೆ ನಿಲ್ಲಿಸಿರಬೇಕು. ಮುಂದಿನ ಸಾಲನ್ನು ಹೇಳಿ, ಅದರ ಜೋಡಿಯನ್ನೂ ಹೇಳಿ ಸುಮ್ಮನಾದಳು. ಗುರುಶಾಂತಮ್ಮನವರು ಕೈಯೂರಿ ಎದ್ದವರ ಹಾಗೆ ಆ ದನಿಯನ್ನು ಹಿಡಿದುಕೊಂಡರು, ಅಲ್ಲಿಂದ ಮುಂದಕ್ಕೆ ಹೊರಟರು. ಪದ ಕಡಿಯಲಿಲ್ಲ. ಹಸು ಸಿಕ್ಕಿತು. ಶರಣೆ ಅದರ ಕೊರಳಿಗೆ ಬಿದ್ದಳು. ಪದ ಮುಗಿಯಿತು.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, “ಅವಳು ಇಲ್ದಿದ್ರೆ ಹೋಗ್ಬುಡ್ತಿತ್ತು,” ಎಂದರು.

“ಅವಳಿಗೆ ಹೆಂಗೆ ಗೊತ್ತು ಅತ್ತೆ?” ದ್ರಾಕ್ಷಾಯಣಿಯ ದನಿ ಅವಳಿಗೇ ಬೇರೆಯದಾಗಿ ಕೇಳಿತು. “ಯಾರಿಗೂ ಹೇಳಿಲ್ಲ ಅಂತಿದ್ರಿ.”

“ಪೂರ್ತಿ ಹೇಳಿಲ್ಲ. ತಾಯಿ ಇಲ್ದ ಹುಡುಗಿ, ಬಾಣಂತನ ಇಲ್ಲೇ ಆಯ್ತಲ್ಲ. ನೀರೆರೀವಾಗ ಅಳೋದು. ಅದಕ್ಕೆ ಈ ಮಂಜಿನ ಕಡೆ ಚೂರು ಹೇಳ್ತಿದ್ದೆ. ನಿಂದು ತವರುಮನೇಲಿ ಆಯ್ತು.”

ತವರಿನಲ್ಲಿ ಆದ ಬಾಣಂತನಕ್ಕೂ ಹೊಟ್ಟೆ ಉರಿಯಬಹುದೆಂದು ದ್ರಾಕ್ಷಾಯಣಿಗೆ ಅಂದಿನವರೆಗೆ ಗೊತ್ತಿರಲಿಲ್ಲ.

ಅವಳು ಪರದೆಯನ್ನು ಮೇಲಕ್ಕೆ ಸರಿಸಿ ನೋಡಿದಳು. ಮಂಜಿನ ಜಾಗದಲ್ಲಿ ಖಾಲಿ. ದೂರದ ದನಿ ಸಾರಸಕ್ಕೆ ಮುಟ್ಟಿರಲಿಲ್ಲ. ಹಿಂದೆ ಮುಂದೆ ಎಲ್ಲ ಸರಿಯಾಗಿದ್ದು, ನಡುವೆ ಹಲ್ಲು ಬಿದ್ದ ಹಾಗೆ. ತಾನು ಕೇಳಿದ್ದನ್ನೇ ಒತ್ತೋಣವೆಂದು ಬೆರಳಿಟ್ಟಳು. ಏನೂ ಬರಲಿಲ್ಲ. ಆ ಹೊತ್ತಿನಲ್ಲಿ ಅವಳಿಗೆ ಕೇಳಿಸಿದ್ದು ಯಾರ ದನಿ ಅನ್ನುವುದೊಂದೇ. ಸಾಲು ಕಿವಿಯ ಪಕ್ಕದಲ್ಲೇ ಹಾದುಹೋಗಿತ್ತು.

“ಅತ್ತೆ, ಆ ಸಾಲು?”

“ಹೇಳಿದ್ದಾಯ್ತಲ್ಲವ್ವ. ನಾನಿನ್ನು ಬಾಯಿಗೆ ತರಂಗಿಲ್ಲ ಈ ವರ್ಷ. ಅವಳನ್ನ ಕೇಳು.”

ದ್ರಾಕ್ಷಾಯಣಿ ಹಿತ್ತಿಲ ಬಾಗಿಲಲ್ಲಿ ಸುಮಾರು ಹೊತ್ತು ನಿಂತಳು. ಹಾಗೇ ಬಿಟ್ಟರೆ ಯಾರಿಗೆ ತಿಳಿಯುತ್ತದೆ? ಅಲ್ಲಿ ಎರಡು ಸಾಲು ಇತ್ತೆಂದು ಬಲ್ಲವರು ಮೂವರೇ. ಆದರೆ ಶರಣೆ ಕತ್ತಲಲ್ಲಿ ನಿಂತಿದ್ದಾಳೆ, ಮುಂದಿನ ಸಾಲಿನಲ್ಲಿ ಹಸು ಅವಳ ತೋಳಲ್ಲಿದೆ. ಸಿಕ್ಕಿದ್ದು ಹೇಗೆ ಎಂಬುದಿಲ್ಲ. ಹುಡುಕಿದ ಪದದಲ್ಲಿ ಅದೊಂದೇ ಇಲ್ಲದಿದ್ದರೆ ಉಳಿದದ್ದು ಇದ್ದೂ ಏನು. ಸಾರಸವನ್ನು ಕಂಕುಳಲ್ಲಿ ಅವುಚಿಕೊಂಡು ಅವಳು ಕಣಕ್ಕೆ ಇಳಿದಳು.

ವಾಣಿ ಕುಂಟೆ ಎಳೆಯುತ್ತಿದ್ದಳು. ನೋಡಿದಳು, ನಿಲ್ಲಿಸಲಿಲ್ಲ.

“ದೂರ ಇಟ್ಕೊಳ್ಳಿ ಅಕ್ಕ ಅದನ್ನ. ನಾನೇನಾದ್ರೂ ಒತ್ತಿಬುಟ್ಟೇನು.”

ದ್ರಾಕ್ಷಾಯಣಿ ಕಟ್ಟೆಯ ಮೇಲೆ ಕೂತು ಸಾರಸವನ್ನು ತೆರೆದಳು. “ನೀನು ಹೇಳಿದ್ದು ಇದಕ್ಕೆ ಕೇಳ್ಲಿಲ್ಲ.”

“ನಿಮಗೆ ಕೇಳಿಸ್ತಲ್ಲ.”

“ನನಗೂ ಕೇಳ್ಲಿಲ್ಲ.”

ಕುಂಟೆ ನಿಂತಿತು. ವಾಣಿ ಅವಳನ್ನು ಒಮ್ಮೆ ದಿಟ್ಟಿಸಿದಳು. ಕೈಯನ್ನು ಸೀರೆಗೆ ಒರೆಸಿಕೊಂಡು ಬಂದು, ಕಟ್ಟೆಯ ಮೇಲೆ ಒಂದು ಮೊಳ ದೂರದಲ್ಲಿ ಕೂತಳು. ದ್ರಾಕ್ಷಾಯಣಿ ಗುಂಡಿ ಒತ್ತಿದಳು. ವಾಣಿ ಕಾಫಿಯ ಹಣ್ಣುಗಳನ್ನೇ ನೋಡುತ್ತ, ಮಗುವಿಗೆ ಹೇಳುವ ಹಾಗೆ ಹೇಳಿದಳು:

*ಕಣ್ಣು ಕಾಣದ ಮಂಜು, ಕೈಯು ಕಾಣದ ಇರುಳು,*
*ಮೂಗಿನ ಬಿಸಿಯುಸಿರು ಬಂದು ತಾಕಿತೆ ಕೊರಳು.*

ಸಾಲುಗಳು ಹೋಗಿ ತಮ್ಮ ಜಾಗದಲ್ಲಿ ಕೂತವು. ಚೆನ್ನಾಗಿತ್ತು. ಇವಳ ಬಾಯಲ್ಲಿ ಅದು ಇಷ್ಟು ಚೆನ್ನಾಗಿರಬಾರದಿತ್ತು ಎಂದುಕೊಂಡಳು ದ್ರಾಕ್ಷಾಯಣಿ.

“ಕೆಳಗೆ ನಿನ್ನ ಹೆಸರೂ ಹಾಕ್ತೀನಿ,” ಎಂದಳು.

“ಮೇಲಾ ಕೆಳಗಾ, ನಿಮ್ಮ ಹೆಸರಿಗೆ?”

“ಕೆಳಗೆ.”

ವಾಣಿಯ ತುಟಿಯಂಚಿನಲ್ಲಿ ಒಂದು ನಗೆ ಬಂದು ಹೋಯಿತು. “ಆಯ್ತು. ಆ ಬಳಗದಲ್ಲಿ ಬರೆದದ್ದು?”

“ಅಳಿಸ್ತೀನಿ.”

“ಅಳಿಸ್ಬೇಡಿ. ಓದಿದೋರೆಲ್ಲ ಓದಿ ಆಗೈತೆ. ಅದರ ಕೆಳಗೇ ಬರೀರಿ.”

ಹೇಳಿ ಅವಳು ಎದ್ದು ಮತ್ತೆ ಕುಂಟೆ ಹಿಡಿದಳು. ಹಸಿ ಕಾಫಿಯ ವಾಸನೆ ಏಳುತ್ತಿತ್ತು. ದ್ರಾಕ್ಷಾಯಣಿ ಬಾಯಿಬಿಟ್ಟು ಹೇಳಲಿಲ್ಲ, ಹೇಳಿದರೆ ಅವಳಿಗೂ ಕೇಳುತ್ತದೆ. ಹಳೆಯ ಅಭ್ಯಾಸದಂತೆ ಒಂದೊಂದೇ ಗುಂಡಿ ಒತ್ತುತ್ತ ಹೋದಳು. ‘ನನ್ನ ವಾರಗಿತ್ತಿ ಏನೂ ಮಾಡಿರಲಿಲ್ಲ. ಹೊಟ್ಟೆಕಿಚ್ಚಿಗೆ ಹಾಗೆ ಬರೆದೆ.’ ಹೊಟ್ಟೆಕಿಚ್ಚು ಎಂಬುದನ್ನು ಎರಡು ಸಲ ಅಳಿಸಿ, ಎರಡು ಸಲ ಬರೆದು, ಕೊನೆಗೆ ಇರಲಿ ಎಂದು ಹಾಗೇ ಬಿಟ್ಟಳು.

ಕಳಿಸಿ ಇನ್ನೂ ಕೈ ತೆಗೆದಿರಲಿಲ್ಲ, ಬಿಸಿಲೆಯ ಅಭಿಲಾಷನ ಉತ್ತರ ಬಂತು. ‘ದೊಡ್ಡ ಮನಸ್ಸು ಅಕ್ಕ ನಿಮ್ಮದು.’ ಅದನ್ನು ಅವಳು ಎರಡು ಸಲ ಓದಿದಳು, ಎದೆ ತುಸು ಹಗುರಾಯಿತು. ಅಷ್ಟರಲ್ಲಿ ಅದರ ಕೆಳಗೆ ಸಕಲೇಶಪುರದ ನಿಖತ್: ‘ವಾಣಿ ಅಕ್ಕ, ಇಷ್ಟಾದರೂ ಒಂದು ಮಾತು ಆಡಲಿಲ್ಲವಲ್ಲ ನೀವು. ಎಂಥ ತಾಳ್ಮೆ ನಿಮ್ಮದು.’ ಅದರ ಕೆಳಗೆ ಇನ್ನೊಬ್ಬರು, ಮತ್ತೊಬ್ಬರು, ಎಲ್ಲರದ್ದೂ ವಾಣಿ ಅಕ್ಕ, ವಾಣಿ ಅಕ್ಕ.

ದ್ರಾಕ್ಷಾಯಣಿ ಹಲ್ಲು ಕಚ್ಚಿಕೊಂಡು, ಒಂದೊಂದಕ್ಕೂ ಒಂದೊಂದು ಹೃದಯದ ಗುರುತು ಒತ್ತಿದಳು.